ರತ್ನಮ್ಮನಿಗೆ ಎರಡು ಸ್ಟಾರು

ಅಜ್ಜಿಯ ಬಾಯಿಂದ ಒಂದು ಒಳ್ಳೆಯ ಮಾತು ಬರುವುದಿಲ್ಲ ಎಂದು ನಿಮ್ಮ ಅಮ್ಮ ದೂರುವುದನ್ನು ನೀವಿಬ್ಬರೂ ಕೇಳಿದ್ದೀರಿ. ಅದು ಅರ್ಧ ಸುಳ್ಳು. ಬೇರೆ ಮನೆಯವರ ಬಗ್ಗೆ ನಾನು ಧಾರಾಳವಾಗಿ ಒಳ್ಳೆಯ ಮಾತಾಡುತ್ತೇನೆ. ನಮ್ಮವರ ವಿಷಯ ಬಂದಾಗ ಮಾತ್ರ ನಾಲಿಗೆ ಹಿಂದೆ ಸರಿಯುತ್ತದೆ. ನಾವು ಬೆಳೆದದ್ದೇ ಹಾಗೆ. ಯಾರಾದರೂ ಬಂದು ಮಗು ಗುಂಡುಗುಂಡಾಗಿದೆ ಎಂದರೆ, ಎಲ್ಲಿ ಬಂತು, ಮೂರು ದಿನದಿಂದ ಭೇದಿ ಎನ್ನಬೇಕು. ಇಲ್ಲದಿದ್ದರೆ ಕಣ್ಣು ಬೀಳುತ್ತದೆ. ನಮ್ಮತ್ತೆ ಒಮ್ಮೆ ಮೈಮರೆತು ನೆಂಟರ ಮುಂದೆ ನಮ್ಮ ಹಸು ಎರಡು ಹೊತ್ತೂ ಬಿಂದಿಗೆ ತುಂಬಿಸುತ್ತದೆ ಎಂದುಬಿಟ್ಟರು. ವಾರದೊಳಗೆ ಕೆಚ್ಚಲು ಬಾವು. ನಾನೂ ಒಮ್ಮೆ ಮೈಮರೆತೆ. ಒಂದು ಮದುವೆಮನೆಯಲ್ಲಿ ಹೆಂಗಸರ ಮಧ್ಯೆ ಕೂತು, ನಮ್ಮ ಯಜಮಾನರಿಗೆ ಒಂದು ದಿನ ಜ್ವರ ಅಂತ ಬಂದದ್ದಿಲ್ಲ ಎಂದೆ. ಮುಂದಿನ ಮಳೆಗಾಲಕ್ಕೆ ಅವರು ಇರಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರು. ಡಾಕ್ಟರು ಆ ಮದುವೆಗೆ ಬಂದಿರಲಿಲ್ಲ.

ನಿಮ್ಮ ಅಪ್ಪನ ಕಂಪನಿ ಹುಟ್ಟಿದ್ದು ನಮ್ಮ ರೇಷ್ಮೆಹುಳು ಸಾಕುವ ಮನೆಯಲ್ಲಿ. ವಿಮಾನ ನಿಲ್ದಾಣ ಬಂದು ಸುತ್ತಲಿನ ಹಿಪ್ಪುನೇರಳೆ ತೋಟಗಳೆಲ್ಲ ಸೈಟುಗಳಾದ ಮೇಲೆ ಆ ಮನೆ ಖಾಲಿ ಬಿದ್ದಿತ್ತು. ಒಂದು ಸಲ ನಿಮ್ಮ ಅಪ್ಪ ಊರಿಗೆ ಬಂದಿದ್ದಾಗ ರತ್ನಮ್ಮ ರಾಗಿ ಹುರಿಹಿಟ್ಟು ಕಲಸಿಕೊಟ್ಟಳು. ರತ್ನಮ್ಮ ಎಂದರೆ ನನ್ನ ಮೈದುನನ ಹೆಂಡತಿ, ನನ್ನ ವಾರಗಿತ್ತಿ. ನಿಮ್ಮ ಅಪ್ಪ ಆ ಹಿಟ್ಟನ್ನು ಆಫೀಸಿಗೆ ಒಯ್ದರು, ಆಫೀಸಿನವರು ಡಬ್ಬ ನೆಕ್ಕಿದರು, ವರ್ಷ ತಿರುಗುವುದರೊಳಗೆ ಜನ ಫೋನಿನಲ್ಲಿ ಬೆರಳೊತ್ತಿ ಹುರಿಹಿಟ್ಟು ತರಿಸಿಕೊಳ್ಳತೊಡಗಿದರು. ಹುಳು ಮೇಯುತ್ತಿದ್ದ ತಟ್ಟೆಗಳ ಜಾಗದಲ್ಲಿ ಒಲೆ ಹೂಡಿ ಊರಿನ ಹನ್ನೊಂದು ಹೆಂಗಸರು ಕೆಲಸಕ್ಕೆ ನಿಂತರು. ಎಲ್ಲರ ಗುರು ರತ್ನಮ್ಮ. ನೀರು ಚಿಮುಕಿಸಿಟ್ಟ ರಾಗಿ ಬಿಸಿ ಬಾಣಲೆಗೆ ಬಿದ್ದು ಅರಳುವಾಗ ಅದರ ಸದ್ದು ಒಂದು ಗಳಿಗೆ ಬದಲಾಗುತ್ತದಂತೆ. ಆಗ ಇಳಿಸಿದರೆ ಹಿಟ್ಟು, ತಡವಾದರೆ ಬೂದಿ. ಅವಳು ಗೋಡೆಯತ್ತ ಮುಖ ಮಾಡಿಕೊಂಡೂ ಆ ಸದ್ದು ಹಿಡಿಯುತ್ತಿದ್ದಳು. ನಾನು ಬಾಣಲೆಗೇ ಕಿವಿಯಿಟ್ಟರೂ ಸೀಯಿಸುತ್ತಿದ್ದೆ. ಅದಕ್ಕೇ ನನ್ನನ್ನು ಮೇಲ್ವಿಚಾರಕಿ ಮಾಡಿದ್ದರು. ಗಾರೆ ಕೆಲಸದಲ್ಲಿ ಬಿದ್ದು ನನ್ನ ಮೈದುನ ಸೊಂಟ ಮುರಿದುಕೊಂಡಿದ್ದ. ಅವರ ಮನೆ ನಿಂತಿದ್ದದ್ದು ಆ ಬಾಣಲೆಯ ಮೇಲೆ.

ಕಂಪನಿ ಬೆಳೆಯತೊಡಗಿತು. ಕಂಪನಿ ಬೆಳೆಯುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಕರು ಬೆಳೆದ ಹಾಗೆ ಎಂದುಕೊಂಡಿದ್ದೆ. ಬಿಳಿ ಷೂ ಹಾಕಿಕೊಂಡ ನಾಲ್ಕು ಜನ ಕಾರಿನಲ್ಲಿ ಬಂದು, ಹಿಟ್ಟು ತಿಂದು, ಕೆಮ್ಮಿ, ಬಂಡವಾಳ ಹಾಕುತ್ತೇವೆ ಎಂದು ಒಪ್ಪಿಕೊಂಡು ಹೋದರಂತೆ. ಆಮೇಲೆ ನಿಮ್ಮ ಅಪ್ಪನ ಮಾತೇ ಬದಲಾಯಿತು. ಸ್ಕೇಲು, ಟೀಮು, ಮಾರ್ಜಿನ್ನು. ನಾನು ಅಳಿಯನ ಎದುರು ನಿಂತು ಮಾತಾಡಿದವಳಲ್ಲ. ಅವರು ಹಜಾರದಲ್ಲಿ ಕೂತರೆ ನಾನು ಅಡಿಗೆಮನೆ ಬಾಗಿಲ ಹಿಂದೆ ನಿಂತು, ಹೇಳಬೇಕಾದ್ದನ್ನು ನಿಮ್ಮ ಅಮ್ಮನಿಗೆ ಹೇಳಿದಂತೆ ಹೇಳುವುದು ವಾಡಿಕೆ. ಆ ಬಾಗಿಲ ಹಿಂದಿನಿಂದಲೇ ನನಗೆ ತಿಳಿದದ್ದು, ಹುರಿಯುವ ಮೆಷಿನ್ನು ಎರಡು ಬರುತ್ತವೆ ಎಂದು. ಅವು ಬಂದರೆ ಹನ್ನೊಂದು ಜನ ಯಾಕೆ ಬೇಕು ಎಂದು ಕೇಳಬೇಕೆನಿಸಿತು. ಕೇಳಲು ನಿಮ್ಮ ಅಮ್ಮ ಅಲ್ಲಿರಲಿಲ್ಲ, ಬಟ್ಟೆ ಒಣಗಿಸಲು ಹೋಗಿದ್ದಳು.

ಮರುವಾರ ಆಫೀಸಿನಿಂದ ಒಂದು ಹುಡುಗಿ ಬಂದಳು. ಬಹಳ ಮರ್ಯಾದೆಯ ಹುಡುಗಿ, ಚಪ್ಪಲಿ ಹೊರಗೆ ಬಿಟ್ಟು ಬಂದಳು. ಮಡಿಲಲ್ಲಿ ಕಂಪ್ಯೂಟರ್ ಇಟ್ಟುಕೊಂಡು, ಒಬ್ಬೊಬ್ಬರ ಕೆಲಸ ಹೇಗೆ, ಐದರಲ್ಲಿ ಎಷ್ಟು ಸ್ಟಾರು ಕೊಡುತ್ತೀರಿ ಹೇಳಿ ಎಂದಳು. ಯಾಕೆ ಎಂದು ನಾನು ಕೇಳಲಿಲ್ಲ. ಮೊದಲು ಜಯಮ್ಮನ ಹೆಸರು ಬಂತು. ಮೂಟೆಗೆ ಒರಗಿದರೆ ಜಯಮ್ಮನಿಗೆ ನಿದ್ದೆ. ಆದರೆ ಅವಳು ಬೇರೆಯವರ ಮನೆ ಹೆಂಗಸು; ಗುರುತಿಲ್ಲದವರ ಮುಂದೆ ಅವಳ ಮಾನ ತೆಗೆಯಲಾದೀತೆ? ಐದು ಎಂದೆ. ಉಳಿದವರಿಗೆಲ್ಲ ನಾಲ್ಕು, ಐದು. ಕೊನೆಗೆ ರತ್ನಮ್ಮ.

"ಅಯ್ಯೋ, ಅವಳು ನಮ್ಮವಳೇ ಕಣಮ್ಮ. ಏನೋ ಮಾಡ್ತಾಳೆ. ಅಂಥಾ ಹೇಳ್ಕೊಳೋ ಕೆಲಸದವಳೇನಲ್ಲ," ಎಂದೆ.

"ಎಷ್ಟು ಹಾಕ್ಲಿ ಅಮ್ಮ?"

"ಒಂದೆರಡು ಹಾಕಮ್ಮ, ಸಾಕು."

ಹೇಳಿ ನೆಟಿಗೆ ಮುರಿಯಬೇಕೆನಿಸಿತು, ಅಷ್ಟು ನೆಮ್ಮದಿ. ಯಾರ ಕಣ್ಣೂ ಅವಳ ಮೇಲೆ ಬೀಳದ ಹಾಗೆ ಮಾಡಿದ್ದೆ. ನಿಮಗೆಷ್ಟು ಎಂದು ಹುಡುಗಿ ಕೇಳಿದಳು. ನನಗೇನು ಬರುತ್ತೆ, ಒಂದು ಹಾಕು ಎಂದೆ.

ಮೂರಕ್ಕಿಂತ ಕಡಿಮೆ ಇದ್ದವರು ಬೇಡ ಎಂದು ಕಂಪ್ಯೂಟರು ತೀರ್ಮಾನಿಸಿತಂತೆ. ಇಬ್ಬರೇ ಇದ್ದೆವು. ರತ್ನಮ್ಮನ ಫೋನಿಗೆ ಬಂದ ಮೆಸೇಜನ್ನು ಜಯಮ್ಮನೇ ಓದಿ ಹೇಳಿದಳು, ಸ್ಟಾರು ಕೊಟ್ಟವರು ಯಾರೆಂಬುದನ್ನೂ ಸೇರಿಸಿ. ರತ್ನಮ್ಮ ಬಾಣಲೆ ತೊಳೆದು ಕವುಚಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದಳು. ಬಯ್ದಿದ್ದರೆ ಚೆನ್ನಾಗಿತ್ತು.

"ನೀನ್ಯಾಕೆ ಹಂಗಂದೆ ಅಂತ ನಂಗೊತ್ತು ಕಣಕ್ಕ. ನಿನ್ನ ಕೇಳಿದ್ದಂಗೆ ನನ್ನ ಕೇಳಿದ್ರೆ ನಾನೂ ಹಂಗೇ ಅಂತಿದ್ದೆ. ಆದ್ರೆ ಆ ಹುಡುಗಿಗೆ ಗೊತ್ತಿರಲಿಲ್ವಲ್ಲ," ಎಂದಳು.

ಆವತ್ತಿನಿಂದ ಅವಳು ನಮ್ಮ ಹೊಸಿಲು ತುಳಿಯಲಿಲ್ಲ. ಬೆಳಗಾದರೆ ಬಾಶೆಟ್ಟಿಹಳ್ಳಿಯ ಬಟ್ಟೆ ಕಾರ್ಖಾನೆಯ ವ್ಯಾನು ಹತ್ತುತ್ತಾಳೆ. ಅಲ್ಲಿ ದಿನವಿಡೀ ನಿಂತು ಅಂಗಿಗಳ ದಾರದ ತುದಿ ಕತ್ತರಿಸುವ ಕೆಲಸ. ಸದ್ದು ಕೇಳಿ ರಾಗಿ ಇಳಿಸುತ್ತಿದ್ದವಳಿಗೆ ಆ ಹೊಲಿಗೆ ಮೆಷಿನ್ನುಗಳ ಅಬ್ಬರದಲ್ಲಿ ಕಿವಿ ಮಂದವಾಗಿದೆ ಎಂದು ಊರಲ್ಲಿ ಹೇಳುತ್ತಾರೆ.

ನಾನು ಸುಮ್ಮನೆ ಕೂರಲಿಲ್ಲ ಎಂಬುದನ್ನಾದರೂ ನೀವು ನಂಬಬೇಕು. ಎರಡು ಬಸ್ಸು ಹಿಡಿದು ವಿಮಾನ ನಿಲ್ದಾಣದ ರಸ್ತೆಯ ಆ ಗಾಜಿನ ಆಫೀಸಿಗೆ ಹೋದೆ. ರತ್ನಮ್ಮನಂಥ ಕೆಲಸಗಾರ್ತಿ ಈ ಸೀಮೆಯಲ್ಲೇ ಇಲ್ಲ ಎಂಬ ಮಾತನ್ನು ಬಸ್ಸಿನ ಕಿಟಕಿಗೆ ಹತ್ತು ಸಲ ಹೇಳಿ ಅಭ್ಯಾಸ ಮಾಡಿದೆ. ಒಳಗೆ ಕರೆದು ಕೂರಿಸಿದರು. ಅಡಿಗೆಮನೆ ಬಾಗಿಲಿಲ್ಲದೆ ನಿಮ್ಮ ಅಪ್ಪನ ಎದುರು ಕೂತದ್ದು ಅದೇ ಮೊದಲು. ಅವರು ಕುರ್ಚಿಯಿಂದ ಅರ್ಧ ಎದ್ದು, ರತ್ನಮ್ಮನ ವಿಷಯವೇ ತಾನೇ ಅತ್ತೆ, ನೀವೇ ಹೇಳಿ, ಹೇಗೆ ಕೆಲಸ ಮಾಡುತ್ತಾರೆ ಎಂದರು. ಪಾಪ, ಅವರಿಗೂ ಉಳಿಸಿಕೊಳ್ಳುವ ಮನಸ್ಸಿತ್ತು. ನೆಂಟರೆಂದು ಉಳಿಸಿಕೊಂಡರು ಎನ್ನಿಸಿಕೊಳ್ಳದಂತೆ ನನ್ನ ಬಾಯಿಂದ ಒಂದು ಮಾತು ಬೇಕಾಗಿತ್ತು ಅಷ್ಟೆ. ಪಕ್ಕದಲ್ಲಿ ಬಿಳಿ ಷೂಗಳವರಿಬ್ಬರು ನನ್ನನ್ನೇ ನೋಡುತ್ತಿದ್ದರು. ಇಷ್ಟು ಹೊಸ ಕಣ್ಣುಗಳ ಮುಂದೆ ಅವಳ ಹೆಸರು ಎತ್ತಿ ಹೊಗಳಲೇ? ಆ ಮದುವೆಮನೆ ನೆನಪಾಯಿತು.

"ಏನೋ, ಕೈಲಾದಷ್ಟು ಮಾಡ್ತಾಳೆ," ಎಂದೆ.

ಅವರಲ್ಲೊಬ್ಬರು ತಲೆಯಾಡಿಸಿದರು. ನಿಮ್ಮ ಅಪ್ಪ ಮೆಲ್ಲಗೆ ಕುರ್ಚಿಗೆ ಒರಗಿದರು. ಕಾಫಿ ತರಿಸಿಕೊಟ್ಟು, ಕಾರಿನಲ್ಲಿ ಮನೆಗೆ ಕಳಿಸಿದರು.

ಈಗ ಜಯಮ್ಮ ಟೀಮಿನ ಲೀಡರು. ಮೆಷಿನ್ನಿನ ಪಕ್ಕ ಅವಳಿಗೊಂದು ತಿರುಗುವ ಆಫೀಸು ಕುರ್ಚಿಯಿದೆ, ಒರಗಲು ಮೂಟೆ ಬೇಕಿಲ್ಲ. ಹಿಟ್ಟು ಎಲ್ಲ ದಿನವೂ ಒಂದೇ ಥರ ಬರುತ್ತದೆ, ಒಂದೇ ಥರ ಕಹಿ, ಊರೂರಿಗೆ ಹೋಗುತ್ತದೆ. ಒಂದು ಸ್ಟಾರಿನ ಅತ್ತೆಯನ್ನು ಏನು ಮಾಡುವುದೆಂದು ತೋಚದೆ ನಿಮ್ಮ ಅಪ್ಪ ನನ್ನ ಫೋಟೋ ತೆಗೆಸಿ ಪ್ಯಾಕೆಟ್ಟಿನ ಮೇಲೆ ಹಾಕಿಸಿದರು, 'ಅಜ್ಜಿಯ ಕೈರುಚಿ' ಎಂದು. ನನ್ನ ಕೈಯ ರುಚಿ ತಿಂದವರು ಈ ಊರಲ್ಲಿ ಎರಡನೇ ಸಲ ಕೇಳಿದ್ದಿಲ್ಲ. ಬರಿಯ ಹಣೆ ಲಕ್ಷಣವಾಗಿ ಕಾಣುವುದಿಲ್ಲವೆಂದು ಚಿತ್ರ ಮಾಡುವವರು ಕಾಸಗಲ ಕುಂಕುಮವನ್ನೂ ಇಟ್ಟಿದ್ದಾರೆ. ಯಜಮಾನರು ಹೋದ ಎಷ್ಟೋ ವರ್ಷದ ಮೇಲೆ ಕಂಪನಿ ನನ್ನನ್ನು ಮುತ್ತೈದೆ ಮಾಡಿತು. ನಿಮ್ಮ ಅಮ್ಮ ಅದನ್ನು ನೋಡಿ ಅತ್ತಳು. ನಾನು ಪ್ಯಾಕೆಟ್ಟನ್ನು ಗೋಡೆಯ ಕಡೆ ತಿರುಗಿಸಿಟ್ಟೆ.

ಹೋದ ತಿಂಗಳು ಆ ವ್ಯಾನಿನಲ್ಲಿ ಯಾರೋ ಪ್ಯಾಕೆಟ್ಟು ತೆಗೆದು, ಇದು ನಿಮ್ಮ ಅಕ್ಕ ಅಲ್ವಾ, ಹಿಟ್ಟು ಅಷ್ಟು ಚೆನ್ನಾಗಿ ಮಾಡ್ತಾರಾ ಎಂದು ರತ್ನಮ್ಮನನ್ನು ಕೇಳಿದರಂತೆ. ಕಿವಿ ಮಂದವಲ್ಲವೇ, ಎರಡು ಸಲ ಕೇಳಬೇಕಾಯಿತಂತೆ. ಆಮೇಲೆ ಹೇಳಿದಳಂತೆ: "ಅವಳಿಗೇನು ಬರುತ್ತೆ ಬಿಡಿ. ಒಲೆ ಮುಂದೆ ನಿಂತ್ರೆ ಸೀಯಿಸ್ತಾಳೆ." ಪಕ್ಕದ ಮನೆಯವಳು ಈ ಚಾಡಿ ಹೇಳಿ, ನಾನು ಸಿಟ್ಟಾಗುತ್ತೇನೆಂದು ಕಾದಳು. ನಾನು ಒಳಗೆ ಹೋಗಿ ಕಣ್ಣೊರೆಸಿಕೊಂಡೆ. ಬಹಳ ಚೆನ್ನಾಗಿ ಮಾಡ್ತಾಳೆ ಎಂದು ಹೊಗಳಿದ್ದರೆ ನನ್ನ ಕಥೆ ಮುಗಿಯುತ್ತಿತ್ತು; ಬೇರೆಯವಳಾಗಿಬಿಟ್ಟಿರುತ್ತಿದ್ದೆ. ನನ್ನನ್ನು ನಮ್ಮವಳೆಂದುಕೊಂಡು ಹಾಗೆ ಅಂದಳೋ, ಇದ್ದದ್ದನ್ನು ಇದ್ದ ಹಾಗೆ ಅಂದಳೋ, ಹೋಗಿ ಕೇಳುವ ಧೈರ್ಯ ಮಾತ್ರ ಬಂದಿಲ್ಲ. ನಾನು ಸೀಯಿಸುವುದಂತೂ ನಿಜ.