ಸ್ಮಿತಾಳ ಮದುವೆಗೆ ನನ್ನ ಆಕ್ಷೇಪಣೆ

ಠಾಣೆ ಶಹರದ ವಿವಾಹ ನೋಂದಣಿ ಕಚೇರಿಗೆ ನಾನು ಹೋದದ್ದು ಮದುವೆಯಾಗಲು ಅಲ್ಲ. ಆ ಸಾಹಸ ಮಾಡಿ ಬಹಳ ವರ್ಷಗಳಾಗಿದ್ದವು! ಅದೇ ಕಟ್ಟಡದಲ್ಲಿ ನಮ್ಮ ಫ್ಲಾಟಿನ ಕಾಗದಪತ್ರದ ಕೆಲಸವಿತ್ತು. ಸರದಿ ಬರುವತನಕ ನೋಟಿಸ್ ಬೋರ್ಡ್ ಓದುತ್ತ ನಿಂತೆ. ಕಂಡವರ ವಿಷಯ ತಿಳಿದುಕೊಳ್ಳುವುದರಲ್ಲಿ ನನಗೆ ಮೊದಲಿನಿಂದಲೂ ಶ್ರದ್ಧೆ.

ಬೋರ್ಡಿನ ಒಂದು ಮದುವೆ ನೋಟಿಸಿನಲ್ಲಿ ಸ್ಮಿತಾಳ ಫೋಟೋ! ಡೊಂಬಿವಲಿಯಲ್ಲಿ ಹೋಟೆಲ್ ನಡೆಸುವ ನನ್ನ ಗೆಳೆಯ ರಮೇಶ ರಾಯರ ಮಗಳು. ಪಕ್ಕದಲ್ಲಿ ಕೆಲ್ವಿನ್ ಎಂಬ ಹುಡುಗ.

ಓಡಿಹೋಗಿ ಮದುವೆ! ರಾಯರಿಗೆ ಫೋನ್ ಮಾಡಿದೆ. ಊಟದ ರಶ್ಶಿನ ಹೊತ್ತು, ಎತ್ತಲಿಲ್ಲ. ಧರ್ಮ ಬೇರೆಯಾದವರು ಹೀಗೆ ನೋಟಿಸ್ ಕೊಟ್ಟು ಮೂವತ್ತು ದಿನ ಕಾಯಬೇಕು, ಅಷ್ಟರೊಳಗೆ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು ಎಂದು ಪಕ್ಕದಲ್ಲಿದ್ದವರು ವಿವರಿಸಿದರು. ಯಾರು ಬೇಕಾದರೂ ಎಂದರೆ ನಾನೇ! ನೆಟ್ಟಗೆ ಒಳಗೆ ನುಗ್ಗಿದೆ.

“ಮ್ಯಾಡಂ, ಆಬ್ಜೆಕ್ಷನ್ ಹೈ!”

ಅಧಿಕಾರಿಣಿ ಶಾಂತವಾಗಿ ಹಿಂದಿಯಲ್ಲಿ ವಿಚಾರಣೆಗಿಳಿದರು. ಹುಡುಗಿಗೆ ಹದಿನೆಂಟು ಆಗಿಲ್ಲವೇ?

“ಆಗಿದೆ. ಇಂಜಿನಿಯರ್.”

ಹುಡುಗನಿಗೆ ಬೇರೆ ಹೆಂಡತಿ ಇದ್ದಾಳೆಯೇ?

“ಗೊತ್ತಿಲ್ಲ.”

“ತೋ ಆಪ್ ಕೌನ್?”

ನೀವ್ಯಾರು ಎಂಬ ಈ ಪ್ರಶ್ನೆಗೆ ನಾನು ತಯಾರಾಗಿರಲಿಲ್ಲ. ಅವಳ ಅಪ್ಪನ ಹೋಟೆಲಿನ ಗಿರಾಕಿ ಎಂದುಬಿಟ್ಟೆ! ಸಾಲಿನಲ್ಲಿದ್ದವರೆಲ್ಲ ನಕ್ಕರು.

ಅಲ್ಲಿಗೆ ಸುಮ್ಮನಿರಬಹುದಿತ್ತು. ಹಿಂದೊಮ್ಮೆ ಉಡುಪಿಯಲ್ಲಿರುವ ರಾಯರ ತಾಯಿಗೆ ಪಾರ್ಸೆಲ್ ಒಯ್ದುಕೊಟ್ಟಿದ್ದೆ, ನಂಬರ್ ಇತ್ತು. “ಅಮ್ಮಾ, ಗಾಬರಿಯಾಗ್ಬೇಡಿ” ಎಂದು ಶುರುಮಾಡಿ, ಗಾಬರಿಯಾಗಲು ಬೇಕಾದ್ದನ್ನೆಲ್ಲ ಹೇಳಿದೆ. ಅವರು ತಟ್ಟನೆ ಫೋನ್ ಇಟ್ಟರು.

ಸಂಜೆ, ಗೆಳೆಯನಿಗೆ ಧೈರ್ಯ ಹೇಳಲು ಹೋಟೆಲಿಗೆ ಹೋದೆ. ತಾಯಿಯ ಫೋನ್ ಅವರಿಗೆ ಆಗಲೇ ಬಂದಿತ್ತು.

“ಆ ನೋಟಿಸ್ ಕೊಡ್ಲಿಕ್ಕೆ ನಾನೇ ಮಕ್ಕಳ ಜೊತೆ ಹೋಗಿದ್ದೆ ಮಾರಾಯ” ಎಂದರು ರಾಯರು. “ಅಮ್ಮನಿಗೊಬ್ಬರಿಗೆ ಹೇಳಿರ್ಲಿಲ್ಲ. ಶನಿವಾರ ಹುಡುಗನನ್ನೂ ಕರ್ಕೊಂಡು ಊರಿಗೆ ಹೋಗಿ, ಹತ್ರ ಕೂತು ಹೇಳುವ ಅಂತಿದ್ದೆ. ಟಿಕೆಟ್ ಕೂಡ ಆಗಿದೆ.”

ಕೂಗಾಡಿದ್ದರೆ ವಾಸಿಯಿತ್ತು. ಅವರು ನನಗೊಂದು ಕಾಫಿ ಹೇಳಿದರು!

ಕಾಫಿ ಬದಿಗೆ ಸರಿಸಿದೆ. ಕ್ಷಮೆ ಕೇಳಲು ಅಲ್ಲಿಂದಲೇ ಉಡುಪಿಗೆ ಫೋನ್ ಮಾಡಿದೆ.

“ಹುಡುಗ ಯಾರಾದ್ರೂ ಆಗ್ಲಿ. ನನ್ನ ಮಗ ಹೇಳ್ಬೇಕಾದ್ದನ್ನು ನೀವ್ಯಾಕೆ ಹೇಳಿದ್ದು?” ಎಂದರು ಆ ತಾಯಿ.

ತಲೆತಗ್ಗಿಸಿ ಮನೆಗೆ ಬಂದು ನಡೆದದ್ದೆಲ್ಲ ಹೇಳಿದೆ.

“ಆಬ್ಜೆಕ್ಷನ್ ಹಾಕ್ಬೇಕಿದ್ದದ್ದು ನಮ್ಮ ಮದುವೆಗೆ” ಎಂದಳು ಹೆಂಡತಿ. “ಆಗ ನಿಮ್ಮಂಥವರು ಒಬ್ಬರೂ ಸಿಗ್ಲಿಲ್ಲ ನೋಡಿ!”

ಕೆಲವು ದಿನಗಳ ನಂತರ ಸ್ಮಿತಾಳೇ ಫೋನ್ ಮಾಡಿದಳು. “ಅಂಕಲ್, ಶಾದಿ ಮೇಂ ಜರೂರ್ ಆನಾ. ಬಸ್, ಮೊಬೈಲ್ ಘರ್ ಪೇ ಛೋಡ್ ದೇನಾ.”

ಮೊಬೈಲನ್ನು ಮನೆಯಲ್ಲಿ ಬಿಟ್ಟೇ ಮದುವೆಗೆ ಹೋದೆ. ನೋಂದಣಿ ಮುಗಿದ ಮೇಲೆ ಹಾಲ್‌ನಲ್ಲಿ ಆರತಕ್ಷತೆ. ಉಡುಪಿಯ ಅಜ್ಜಿ ಮೊದಲ ಸಾಲಿನಲ್ಲಿ ಕೆಲ್ವಿನ್‌ನ ಕೈ ಹಿಡಿದು ಕೂತಿದ್ದರು. ಅವರ ಎದುರಿಗೆ ಹೋಗಲು ಮುಖವಿರಲಿಲ್ಲ. ಕಂಬದ ಮರೆಯಿಂದಲೇ ಮದುಮಕ್ಕಳತ್ತ ಅಕ್ಷತೆ ಎಸೆದೆ. ಅದು ಮುಂದಿದ್ದವರೊಬ್ಬರ ಬೋಳುತಲೆಯ ಮೇಲೆ ಬಿತ್ತು. ಅವರು ತಿರುಗಿ ನೋಡಿದರು.

ನಾನು ಫ್ಯಾನ್ ನೋಡುತ್ತ ನಿಂತೆ.