ಇದ್ದಿಲುಗುಂಡಿಯ ಗುಮಾಸ್ತ

ಎಲ್ಲ ಶುರುವಾದದ್ದು ಒಂದು ಬುಟ್ಟಿ ಇದ್ದಿಲಿನಿಂದ.

ಇಸ್ತ್ರಿ ಅತ್ತೆ ಬೆಳಗ್ಗೆಯೇ ಖಾಲಿ ಬುಟ್ಟಿ ಹಿಡಿದು ಉದ್ಯಾನದ ಇದ್ದಿಲುಗುಂಡಿಯ ಬೇಲಿಯಾಚೆ ನಿಂತಿದ್ದಳು. "ಸಂದರ್ಶನಕ್ಕೆ ಹೋಗೋ ಹುಡುಗಿ ಬಟ್ಟೆ ಕಣಪ್ಪಾ. ಇಸ್ತ್ರಿಪೆಟ್ಟಿಗೆಗೆ ಕೆಂಡ ಇಲ್ಲ. ಸಂಜೆಯೊಳಗೆ ವಾಪಸ್ ಹಾಕ್ತೀನಿ."

"ಅಯ್ಯೋ ಅತ್ತೇ, ಇದು ಉರಿಸೋ ಇದ್ದಿಲಲ್ಲ! ಮರ ಗಾಳಿಯಿಂದ ಹೀರಿಕೊಂಡ ಇಂಗಾಲ. ಮತ್ತೆ ಗಾಳಿಗೆ ಸೇರದ ಹಾಗೆ ನೂರು ವರ್ಷ ಗುಂಡಿಯಲ್ಲೇ ಇರ್ಬೇಕು ಅಂತ ಸರ್ಕಾರದ ಆದೇಶ," ಎಂದ ಗುಮಾಸ್ತ.

"ಇರ್ಲಿ ಬಿಡು. ಆ ನೂರು ವರ್ಷದಲ್ಲಿ ನನಗೊಂದು ಬೆಳಗ್ಗೆ ಕೊಡು."

ಗುಮಾಸ್ತನ ಕೆಲಸ ಇನ್ನೂ ಹಂಗಾಮಿ. ಸಂಜೆ ತಪಾಸಣೆಯ ಸಾಹೇಬರು ಬಂದು ಗುಂಡಿಗೆ ಅಳತೆಕೋಲು ಇಳಿಸುವವರಿದ್ದರು. ಇದ್ದಿಲು ಕೆಂಪು ಗೆರೆ ಮುಟ್ಟಿದ್ದರೆ ಕೆಲಸ ಕಾಯಂ. ಆದರೆ ಪಾಪ, 'ಇಲ್ಲ' ಎನ್ನಲು ಅವನಿಗೆ ನಾಲಿಗೆಯೇ ಹೊರಳುತ್ತಿರಲಿಲ್ಲ. ಬುಟ್ಟಿ ತುಂಬಿತು.

ಸುದ್ದಿ ತಿಳಿದು ಚಹಾದಂಗಡಿಯವನು ಚೀಲ ಹಿಡಿದು ಬಂದ. "ಅತ್ತೆಗೆ ಕೊಟ್ಟೆ, ನಾನೇನು ಮಲತಾಯಿ ಮಗನಾ? ಗ್ಯಾಸ್ ಮುಗಿದಿದೆ ಮಾರಾಯ. ಆಸ್ಪತ್ರೆ ಮುಂದೆ ರಾತ್ರಿಯೆಲ್ಲ ಕೂತೋರು ಚಹಾಕ್ಕೆ ಕಾಯ್ತಿದ್ದಾರೆ."

ಮಧ್ಯಾಹ್ನದ ಹೊತ್ತಿಗೆ ಗುಂಡಿ, ಹಲ್ಲುಸೆಟ್ಟು ತೆಗೆದ ಅಜ್ಜನ ಕೆನ್ನೆಯಂತೆ ಒಳಕ್ಕೆ ಬಿದ್ದಿತ್ತು. ಹೊತ್ತು ಇಳಿದರೂ ಇದ್ದಿಲು ವಾಪಸ್ ಬರಲಿಲ್ಲ. ಗುಮಾಸ್ತ ಸೌದೆ ಡಿಪೋಗೆ ಓಡಿ, ಸೈಕಲ್ ಮೇಲೆ ಇದ್ದಿಲಿನ ಚೀಲ ಹೇರಿಕೊಂಡು ಬಂದು, ತಾನೇ ಗೆರೆಯವರೆಗೆ ತುಂಬಿಸಿ ಮುಚ್ಚಳ ಹಾಕಿದ. ಬಾಣಲೆಯ ತಳದಂತೆ ಕಪ್ಪಾಗಿದ್ದ ಮುಖ ತೊಳೆಯಲು ಮನೆಗೆ ಓಡಿದ.

ಅವನು ಹಿಂತಿರುಗುವಷ್ಟರಲ್ಲಿ ಸಾಹೇಬರು ಗರಿಗರಿ ಅಂಗಿಯಲ್ಲಿ ನಿಂತಿದ್ದರು. "ದಾರೀಲಿ ಅಂಗಿ ಮುದ್ದೆಯಾಗಿತ್ತು. ಆ ಅಮ್ಮ ಕರೆದು ಇಸ್ತ್ರಿ ಮಾಡಿಕೊಟ್ರು. ಚಹಾನೂ ಆಯ್ತು. ಕೆಂಡದ ಚಹಾದ ರುಚೀನೇ ಬೇರೆ ಕಣ್ರೀ!"

ಗುಮಾಸ್ತ ಮುಚ್ಚಳ ಎತ್ತಿದ. ಇದ್ದಿಲು ಮುಚ್ಚಳಕ್ಕೆ ತಾಗುವಷ್ಟು ಉಕ್ಕಿ ನಿಂತಿತ್ತು. ಕೆಂಪು ಗೆರೆ ಎಲ್ಲೋ ಪಾತಾಳದಲ್ಲಿ.

"ನೀನಿಲ್ಲದಾಗ ನಾನೂ ಅತ್ತೇನೂ ಇದ್ದಿಲು ತಂದು ಸುರಿದ್ವಿ," ಚಹಾದಂಗಡಿಯವನು ಬೇಲಿಯಾಚೆಯಿಂದ ಪಿಸುಗುಟ್ಟಿದ. "ನಿನ್ನ ಕೆಲಸಕ್ಕೆ ಸಂಚಕಾರ ಬರಬಾರದು ಅಂತ ಸ್ವಲ್ಪ ಜಾಸ್ತೀನೇ ಹಾಕಿದ್ವಿ."

ಸಾಹೇಬರು ತಲೆ ಕೆರೆದುಕೊಂಡರು. "ಬೇರೆ ಎಲ್ಲಾ ಕಡೆ ಇದ್ದಿಲು ಇಳಿದಿದೆ. ಇಳಿದ್ರೆ ಎಷ್ಟು ಮನ್ನಿಸಬೇಕು ಅನ್ನೋದಕ್ಕೆ ನಿಯಮ ಇದೆ. ಏರಿದ್ರೆ ಏನ್ಮಾಡ್ಬೇಕು ಅಂತ ನಿಯಮಾನೇ ಇಲ್ವಲ್ರೀ!"

"ನನ್ನ ಕೆಲಸ, ಸಾರ್?"

"ನಿಯಮ ಬರೋವರೆಗೂ ಹಂಗಾಮಿ. ಆತುರ ಯಾಕೆ? ಯೋಜನೆ ಇರೋದೇ ನೂರು ವರ್ಷದ್ದು."

ಸಾಹೇಬರ ಜೀಪು ಮರೆಯಾಯಿತು. ಗುಮಾಸ್ತ ಗುಂಡಿಯ ಅಂಚಿನಲ್ಲಿ ತಲೆಯ ಮೇಲೆ ಕೈಹೊತ್ತು ಕುಳಿತ. ಯಾರೋ ಮೆಲ್ಲಗೆ ಬೆನ್ನು ಸವರಿದರು. ಇಸ್ತ್ರಿ ಅತ್ತೆ.

"ಜಾಸ್ತಿಯಾಗಿದ್ದೇ ತಾನೇ ತೊಂದರೆ? ಅಳಬೇಡ ಮಗಾ," ಎಂದಳು. "ನೋಡು, ಬುಟ್ಟಿ ತಂದಿದ್ದೀನಿ."