ಭಾವಮೈದನನ್ನು ಪ್ರಕೃತಿಯ ಮಡಿಲಲ್ಲಿ ಮಲಗಿಸಿದ್ದು

ಪ್ರಕೃತಿ ತಾನಾಗಿ ಯಾರ ತಂಟೆಗೂ ಹೋಗುವುದಿಲ್ಲ. ಅದರ ಹತ್ತಿರ ಹೋಗಬೇಕು ಅಂತ ಹೊರಟವರಿಗೇ ಏನಾದರೊಂದು ಆಗುವುದು. ನಮ್ಮ ಜಯನಗರ, ಜೆ.ಪಿ. ನಗರದ ಕಡೆ ಈಚೆಗೆ ಇದು ವಾರಕ್ಕೊಂದರಂತೆ ನಡೆಯುತ್ತಿದೆ. ನನ್ನ ಕಣ್ಣೆದುರಿಗೆ ಆದದ್ದನ್ನಷ್ಟೇ ಇಲ್ಲಿ ಹೇಳುತ್ತೇನೆ. ಇದರಲ್ಲಿ ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲು ನಡೆಯದೇ ಇದ್ದರೂ ನಡೆಯಬೇಕಾಗಿದ್ದದ್ದು.

ಎಲ್ಲಕ್ಕೂ ನಾಯಕ ನನ್ನ ಭಾವಮೈದ, ಅಂದರೆ ನನ್ನ ತಂಗಿಯ ಗಂಡ. ಬನಶಂಕರಿಯಲ್ಲಿ ಮನೆ, ಬ್ಯಾಂಕಿನಲ್ಲಿ ಕೆಲಸ. ಖಾಲಿ ರಸ್ತೆಯಲ್ಲೂ ಕೆಂಪು ದೀಪ ಕಂಡರೆ ನಿಲ್ಲುವಂಥ ಮನುಷ್ಯ. ಒಂದು ವರ್ಷದಿಂದ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ. ರಾತ್ರಿಯೆಲ್ಲ ಸೂರು ನೋಡುವುದು, ಹಗಲೆಲ್ಲ ತೂಕಡಿಸುವುದು. ಒಂದು ದಿನ ಸಿಗ್ನಲಿನಲ್ಲಿ ಸ್ಕೂಟರ್ ಮೇಲೆ ಕೂತಹಾಗೇ ಕಣ್ಣು ಮುಚ್ಚಿ ಪಕ್ಕದ ಆಟೋಗೆ ಒರಗಿಬಿಟ್ಟರಂತೆ. ಆಟೋದವನು ಒಳ್ಳೆಯವನು, ದೀಪ ಹಸಿರಾದರೂ ಹೊರಡಲಿಲ್ಲ. ಹೊರಟಿದ್ದರೆ?

ಡಾಕ್ಟರು ಹೇಳಿದರು: "ಸ್ವಲ್ಪ ದಿನ ಪ್ರಕೃತಿ ಜೊತೆ ಇದ್ದು ನೋಡಿ. ಆಗ್ಲೂ ನಿದ್ದೆ ಬರ್ಲಿಲ್ಲ ಅಂದ್ರೆ ಮಾತ್ರೆ ಶುರು ಮಾಡೋಣ. ಅಲ್ಲೀವರೆಗೂ ಸ್ಕೂಟರ್ ಮುಟ್ಟಬೇಡಿ."

ತಂಗಿ ನೇರವಾಗಿ ಜೆ.ಪಿ. ನಗರದ ನನ್ನ ಎಲೆಕ್ಟ್ರಿಕಲ್ ಅಂಗಡಿಗೆ ಬಂದಳು. "ಅಣ್ಣ, ಅವ್ರನ್ನ ನೀನೇ ಕರ್ಕೊಂಡು ಓಡಾಡು. ಹೇಗೂ ಅಂಗಡೀಲಿ ಕೂತು ಬಂದೋರಿಗೆ ಕೀಟಲೆ ಮಾಡೋದು ಬಿಟ್ರೆ ನಿಂಗೇನು ಕೆಲಸ? ಒಂದು ದಿನ, ಒಂದೇ ದಿನ ಅವ್ರು ಗಡದ್ದಾಗಿ ಮಲಗಿದ್ದನ್ನ ನೋಡಿದ್ರೆ ಸಾಕಾಗಿದೆ ನಂಗೆ."

ಕಣ್ಣಲ್ಲಿ ನೀರಿತ್ತು. ನಾನು ಒಪ್ಪಿಕೊಂಡೆ.

೧. ಹಿಮ್ಮುಖ ನಡಿಗೆ

ಮೊದಲು ಜಯನಗರದ ಒಂದು ಪಾರ್ಕಿಗೆ ಕರೆದುಕೊಂಡು ಹೋದೆ. ವಾಕಿಂಗ್ ಬರುವ ಹಿರಿಯರು ಎಲ್ಲರೂ ಒಂದೇ ದಿಕ್ಕಿಗೆ ಸುತ್ತು ಹಾಕುತ್ತಾರೆ. ಯಾರಾದರೂ ಎದುರು ದಿಕ್ಕಿನಿಂದ ಬಂದರೆ ತಮ್ಮ ಸೈಟಿಗೆ ಬೇಲಿ ಹಾಕಿದವನನ್ನು ನೋಡುವ ಹಾಗೆ ನೋಡುತ್ತಾರೆ.

ಭಾವಮೈದ ಎರಡು ಸುತ್ತು ಹಾಕಿ, "ಭಾವ, ಇದ್ರಿಂದ ನಿದ್ದೆ ಬರುತ್ತಾ?" ಅಂದರು.

"ಹೀಗೆ ನಡೆದ್ರೆ ಬರಲ್ಲ. ಬೆಳಗಿನ ಬಿಸಿಲಲ್ಲಿ ಹಿಂದ್ಹಿಂದಕ್ಕೆ ನಡೀಬೇಕು. ತಲೇಲಿರೋ ಯೋಚನೆಯೆಲ್ಲ ಹಿಂದಕ್ಕೆ ಸುತ್ಕೊಳ್ಳುತ್ತೆ, ಕ್ಯಾಸೆಟ್ ಥರ."

ಅಲ್ಲೇ ಹುಟ್ಟಿದ ವಿದ್ಯೆ ಅದು. ಅವರು ನಂಬಿದರು. ಪಕ್ಕದಲ್ಲಿ ನಡೆಯುತ್ತಿದ್ದ ಒಬ್ಬ ಆಂಟಿಯ ಕಿವಿಗೂ ಬಿತ್ತು. ಅವರು "ಮಂಡಿ ನೋವಿಗೂ ಆಗುತ್ತಾ?" ಅಂತ ಕೇಳಿದರು. ಆಗುತ್ತೆ ಅಂದೆ. ವಾರ ಕಳೆಯುವುದರೊಳಗೆ ಅರ್ಧ ಪಾರ್ಕು ಹಿಮ್ಮುಖವಾಗಿ ನಡೆಯತೊಡಗಿತ್ತು.

ಹೀಗೇ ಒಂದು ಬೆಳಿಗ್ಗೆ ಭಾವಮೈದ ಹಿಂದಕ್ಕೆ ನಡೆಯುತ್ತಾ ಹೋಗಿ, ಆ ಕಡೆಯಿಂದ ಹಿಂದಕ್ಕೇ ನಡೆದು ಬರುತ್ತಿದ್ದ ಒಬ್ಬರಿಗೆ ಬೆನ್ನಿಗೆ ಬೆನ್ನು ಡಿಕ್ಕಿ ಹೊಡೆದರು. ಇಬ್ಬರೂ "ಸಾರಿ ಸಾರ್" ಅಂತ ತಿರುಗಿದರು. ನೋಡಿದರೆ ಅವರು ಇವರ ಮ್ಯಾನೇಜರು! ಭಾವಮೈದನ ಮುಖ ಬಿಳಿಚಿಕೊಂಡಿತು. ಯಾಕೆಂದರೆ ಅವತ್ತು ಜ್ವರ ಅಂತ ರಜಾ ಹಾಕಿದ್ದರು. ಆದರೆ ಮ್ಯಾನೇಜರ ಮುಖ ಇನ್ನೂ ಹೆಚ್ಚು ಬಿಳಿಚಿಕೊಂಡಿತ್ತು.

ಮ್ಯಾನೇಜರು ಮೆಲ್ಲಗೆ ಕೇಳಿದರು: "ನಿಮ್ಗೆ ಜ್ವರ ತಾನೆ? ಹಾಗಾದ್ರೆ ನಾನು ವಾಂತಿ ಭೇದಿ ಅಂತೀನಿ."

೨. ಮರದ ಸಂಗಡ

ಮರವನ್ನು ಅಪ್ಪಿಕೊಂಡರೆ ಮನಸ್ಸಿಗೆ ಶಾಂತಿ ಸಿಗುತ್ತದೆ ಅಂತ ತಂಗಿಗೆ ವಾಟ್ಸಾಪಿನಲ್ಲಿ ಬಂತು. ಅವರ ಮನೆ ಮುಂದೆಯೇ ಒಂದು ಹೊಂಗೆ ಮರ. ಮರುದಿನ ಬೆಳಿಗ್ಗೆಯೇ ಶುರು. ಭಾವಮೈದ ಎರಡೂ ಕೈ ಚಾಚಿ, ಕೆನ್ನೆ ತೊಗಟೆಗೆ ಒತ್ತಿ, ಕಣ್ಣು ಮುಚ್ಚಿ ನಿಂತರು. ಉಸ್ತುವಾರಿಗೆ ನಾನು ಕಾಂಪೌಂಡಿನ ಮೇಲೆ ಕಾಫಿ ಲೋಟ ಹಿಡಿದು ಕೂತಿದ್ದೆ.

ಎದುರು ಮನೆ ಆಂಟಿ ರಂಗೋಲಿ ಬಿಟ್ಟು ಓಡಿ ಬಂದರು. ತಂಗಿಯನ್ನು ಪಕ್ಕಕ್ಕೆ ಕರೆದು, "ಏನಮ್ಮಾ, ಮನೇಲೇನಾದ್ರೂ ಮಾತು ಬಂತಾ? ಪಾಪ, ಯಜಮಾನ್ರು ಮರ ಹಿಡ್ಕೊಂಡು ಅಳ್ತಿದಾರೆ" ಅಂದರು.

"ಅಳ್ತಿಲ್ಲ ಆಂಟಿ. ಮರ ಅಪ್ಕೊಂಡ್ರೆ ನಿದ್ದೆ ಬರುತ್ತಂತೆ."

ಅಷ್ಟರಲ್ಲಿ ಮರದ ಕೆಂಪಿರುವೆಗಳು ಈ ಹೊಸ ಸಂಬಂಧವನ್ನು ಪರೀಕ್ಷಿಸಲು ಅಂಗಿಯೊಳಗೆ ಇಳಿದಿದ್ದವು. ಭಾವಮೈದ ಒಂದು ಕಾಲೆತ್ತಿದರು, ಇನ್ನೊಂದು ಕಾಲೆತ್ತಿದರು, ಬೆನ್ನು ಬಡಿದುಕೊಂಡರು, ಗಿರಗಿರನೆ ಸುತ್ತಿದರು. ಹಾಲು ತರಲು ಹೊರಟಿದ್ದ ಇಬ್ಬರು ಅಂಕಲ್‌ಗಳು ನಿಂತು, "ಇದ್ಯಾವ ಯೋಗ ಸಾರ್?" ಅಂತ ನನ್ನನ್ನು ಕೇಳಿದರು.

"ಮರ ಅಪ್ಕೊಳ್ಳೋ ಯೋಗದ ಎರಡನೇ ಹಂತ. ಎಲ್ಲರಿಗೂ ಇಷ್ಟು ಬೇಗ ಬರಲ್ಲ."

ಆಂಟಿ ಮಾತ್ರ ಇನ್ನೂ ಮರವನ್ನೇ ನೋಡುತ್ತಿದ್ದರು. ಆಮೇಲೆ ನಿಟ್ಟುಸಿರು ಬಿಟ್ಟು ಹೇಳಿದರು: "ಏನೇ ಅನ್ನಮ್ಮ, ನೀನು ಪುಣ್ಯವಂತೆ. ನಮ್ಮನೆಯವ್ರು ಇಷ್ಟು ಪ್ರೀತಿಯಿಂದ ಅಪ್ಕೊಂಡಿರೋದು ಗ್ಯಾಸ್ ಸಿಲಿಂಡರ್ ಒಂದನ್ನೇ. ಅದೂ ಒಳಗೆ ತಂದಿಡೋವಾಗ."

೩. ತಾರಸಿ ಕೃಷಿ

ಕೈಗೆ ಮಣ್ಣು ಮೆತ್ತಿದರೆ ಚಿಂತೆ ಹೋಗುತ್ತದೆ ಅಂತ ಯಾರೋ ಹೇಳಿದರು. ಭಾವಮೈದ ತಾರಸಿಯ ಮೇಲೆ ಕುಂಡಗಳನ್ನು ಸಾಲಾಗಿ ಇಟ್ಟು ಸಸಿ ನೆಟ್ಟರು. ಚಿಂತೆ ಹೋಗಲಿಲ್ಲ, ಹೊಸದೊಂದು ಸೇರಿಕೊಂಡಿತು. ಮೊದಲು ನಿದ್ದೆ ಬರದಿದ್ದರೆ ಹಾಸಿಗೆಯಲ್ಲಾದರೂ ಇರುತ್ತಿದ್ದರು. ಈಗ ಹೂ ಬಿಟ್ಟಿದೆಯಾ, ಕಾಯಿ ಕಚ್ಚಿದೆಯಾ ಅಂತ ಟಾರ್ಚು ಹಿಡಿದು ತಾರಸಿಗೆ ಹೋಗತೊಡಗಿದರು.

ನೋಡಲಾರದೆ ಒಂದು ಉಪಕಾರ ಮಾಡಿದೆ. ಭಾನುವಾರ ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ತರಕಾರಿ ಅಂಗಡಿಯಿಂದ ತಂದ ಕೆಂಪು ಟೊಮೆಟೊಗಳನ್ನು ಗಿಡಕ್ಕೆ ಕಟ್ಟಿದೆ. ಕಟ್ಟಿದ್ದು ನಮ್ಮ ಅಂಗಡಿಯ ಸಣ್ಣ ಹಸಿರು ವೈರಿನಲ್ಲಿ. ಗೊತ್ತೇ ಆಗುತ್ತಿರಲಿಲ್ಲ, ಅಷ್ಟು ಅಚ್ಚುಕಟ್ಟು.

ನಾನು ಅಂಗಡಿ ತಲುಪುವುದರೊಳಗೆ ಫೋನು. ಭಾವಮೈದನ ದನಿ ನಡುಗುತ್ತಿತ್ತು. "ಭಾವ, ಟೊಮೆಟೊ ಬಿಟ್ಟಿದೆ! ರಾತ್ರಿ ಏನೂ ಇರ್ಲಿಲ್ಲ, ಬೆಳಿಗ್ಗೆ ನೋಡಿದ್ರೆ ಹಣ್ಣಾಗಿದೆ!"

"ನಾನು ಹೇಳ್ಲಿಲ್ವಾ? ಮಣ್ಣು ನಂಬಿದವ್ರನ್ನ ಕೈ ಬಿಡಲ್ಲ."

"ಅದು ಸರಿ ಭಾವ. ಆದ್ರೆ ಬಿಟ್ಟಿರೋದು ಮೆಣಸಿನ ಗಿಡದಲ್ಲಿ. ಗೊಬ್ಬರ ಏನಾದ್ರೂ ಜಾಸ್ತಿ ಆಯ್ತಾ ಅಂತ?"

ನನಗೆ ಬಲ್ಬಿನ ಜಾತಿ ಗೊತ್ತು, ಗಿಡದ ಜಾತಿ ಗೊತ್ತಿಲ್ಲ. ಅವತ್ತು ಮಧ್ಯಾಹ್ನ ಅವರ ಮನೆಯಲ್ಲಿ ಆ ಟೊಮೆಟೊದ್ದೇ ಸಾರು. ಅಕ್ಕಪಕ್ಕದ ಮನೆಗೂ ಒಂದೊಂದು ಬಟ್ಟಲು ಹೋಯಿತು. ಊಟದ ಹೊತ್ತಿಗೆ ತಂಗಿಯ ಫೋನು ಬಂತು. ಅವಳು ಬಯ್ಯಲಿಲ್ಲ, ಅದೇ ನನಗೆ ಹೆದರಿಕೆಯಾಗಿದ್ದು.

"ಅಣ್ಣ, ಸಾರಲ್ಲಿ ಹಸಿರು ವೈರ್ ಸಿಕ್ತು. ಅವ್ರಿಗಿನ್ನೂ ಹೇಳಿಲ್ಲ, ಕರಿಬೇವಿನ ಕಡ್ಡಿ ಅಂದಿದೀನಿ. ಖುಷಿಗೆ ಅವ್ರು ಇವತ್ತೂ ನಿದ್ದೆ ಮಾಡಲ್ಲ. ಮುಂದಿನ ವಾರ ಡಾಕ್ಟರ್ ಹತ್ರ ಹೋಗ್ಬೇಕು, ಮಾತ್ರೆ ಶುರು ಮಾಡ್ತಾರೆ. ಅಷ್ಟರಲ್ಲಿ ಅವ್ರನ್ನ ಮಲಗಿಸ್ತೀಯೋ, ಇಲ್ಲ ಗೌರಿ ಹಬ್ಬಕ್ಕೆ ಬಾಗಿನ ಹಿಡ್ಕೊಂಡು ಬಂದಾಗ ಆ ಮೆಣಸಿನ ಗಿಡಕ್ಕೇ ಕೊಟ್ಟು ಹೋಗ್ತೀಯೋ, ನೀನೇ ಯೋಚನೆ ಮಾಡು."

೪. ಮೌನ ಶಿಬಿರ

ಅಂಜನಾಪುರದಾಚೆ ಒಂದು ಮಾವಿನ ತೋಪಿದೆ. ತೋಪಿನ ಯಜಮಾನರು ಆ ಊರಿನ ಹಳೇ ರೈತರು. ಸುತ್ತಲ ಹೊಲವೆಲ್ಲ ಲೇಔಟ್ ಆದರೂ ತೋಪು ಮಾತ್ರ ಉಳಿಸಿಕೊಂಡಿದ್ದಾರೆ, ಭಾನುವಾರ ಶಿಬಿರಗಳಿಗೆ ಬಾಡಿಗೆಗೆ ಕೊಡುತ್ತಾರೆ. ಅಲ್ಲಿ ಒಂದು ದಿನದ ಮೌನ ಶಿಬಿರ ಅಂತ ಗೊತ್ತಾಗಿ ಇಬ್ಬರೂ ಸೇರಿಕೊಂಡೆವು. ನಾನು ಮೌನ ಶಿಬಿರಕ್ಕೆ ಹೊರಟೆ ಅಂದಾಗ ನನ್ನ ಹೆಂಡತಿ ನಕ್ಕ ನಗು ಪಕ್ಕದ ಬೇಕರಿಗೆ ಕೇಳಿಸಿತ್ತು.

ಶಿಬಿರದ ಮೇಡಂ ಗಾಳಿಗೆ ನೋವಾಗದ ಹಾಗೆ ಮಾತಾಡುವವರು. ಎಲ್ಲರ ಫೋನು ಒಂದು ಬುಟ್ಟಿಗೆ ಹಾಕಿಸಿದರು. "ಒಬ್ಬೊಬ್ರು ಒಂದೊಂದು ಮರದ ಕೆಳಗೆ ಕೂತ್ಕೊಳಿ. ಕಣ್ಣು ಮುಚ್ಚಿ. ತುಂಬಾ ದೂರದ ಶಬ್ದ ಯಾವ್ದು ಕೇಳುತ್ತೆ, ಗಮನಿಸಿ" ಅಂದರು. ಭಾವಮೈದ ನಿಯಮದ ಮನುಷ್ಯ. ಬೇರೆಯವರಿಗೆ ತೊಂದರೆಯಾಗಬಾರದೆಂದು ಬೇಲಿಯ ಹತ್ತಿರ, ಪೊದೆಗಳ ಆಚೆ, ಯಾರಿಗೂ ಕಾಣದ ಮರ ಹುಡುಕಿಕೊಂಡರು.

ಸ್ವಲ್ಪ ಹೊತ್ತಾದ ಮೇಲೆ ಮೇಡಂ ಕೇಳಿದರು: "ಏನು ಕೇಳಿಸ್ತು?"

ಒಬ್ಬರು ಗಾಳಿ ಅಂದರು. ಒಬ್ಬರು ಕನಕಪುರ ರೋಡಿನ ಬಸ್ಸು ಅಂದರು. ಬಿ.ಟಿ.ಎಂ. ಲೇಔಟಿನ ಒಬ್ಬ ಅಕ್ಕ ಮಾತ್ರ ಹುಬ್ಬು ಗಂಟಿಕ್ಕಿ, "ಯಾವ್ದೋ ಪ್ರಾಣಿ. ಆ ಪೊದೆ ಕಡೆಯಿಂದ" ಅಂದರು.

ಎಲ್ಲರೂ ಕಿವಿಗೊಟ್ಟರು. ಕರ್‌ರ್ರ್... ಕರ್‌ರ್ರ್... ನನಗೆ ತಕ್ಷಣ ಗೊತ್ತಾಯಿತು. ಗೊರಕೆ! ನನ್ನ ಭಾವಮೈದ, ವರ್ಷದಿಂದ ನಿದ್ದೆ ಕಾಣದ ಮಹಾರಾಯ, ಗೊರಕೆ ಹೊಡೆಯುತ್ತಿದ್ದಾರೆ! ಆ ಸಂತೋಷದಲ್ಲಿ ಬಾಯಿ ತಪ್ಪಿ ಒಂದು ಮಾತು ಬಂತು: "ಚಿರತೆ ಕೂಗಿದ್ರೆ ಗರಗಸದಲ್ಲಿ ಮರ ಕೊಯ್ದ ಹಾಗಿರುತ್ತಂತೆ."

ಅಷ್ಟೇ ನಾನು ಹೇಳಿದ್ದು. ಅದು ಚಿರತೆ ಅಂತ ನಾನು ಹೇಳಲೇ ಇಲ್ಲ.

ಬನ್ನೇರುಘಟ್ಟದ ಕಾಡು ಅಲ್ಲಿಂದ ದೂರವೇನಲ್ಲ, ಆ ಕಡೆ ಚಿರತೆ ಬಂತು ಅನ್ನುವ ಮಾತು ಆಗಾಗ ಏಳುತ್ತಲೇ ಇರುತ್ತದೆ. ಕಣ್ಣು ಬಿಟ್ಟು ನೋಡಿದರೆ ತೋಪು ಖಾಲಿ. ಎಲ್ಲರಿಗಿಂತ ಮುಂದೆ ಬರಿಗಾಲಲ್ಲಿ ಓಡಿದವರು ಮೇಡಂ. ನಾನೂ ಹಿಂದೆಯೇ ಹೋಗಿ ಎಲ್ಲರೂ ಗೇಟಿನಾಚೆ ಸೇರಿದೆವು. ಫಾರೆಸ್ಟ್‌ನವರಿಗೆ ಫೋನು ಮಾಡೋಣವೆಂದರೆ ಫೋನಿನ ಬುಟ್ಟಿ ತೋಪಿನೊಳಗೇ ಉಳಿದಿತ್ತು. ಯಜಮಾನರ ಫೋನು ಮನೆಯಲ್ಲಿ ಚಾರ್ಜಿಗಿತ್ತು.

ಯಜಮಾನರು ಮಾತ್ರ ಗಟ್ಟಿ ಆಳು. "ಫಾರೆಸ್ಟ್‌ನೋರೆಲ್ಲ ಯಾಕೆ? ತಮಟೆ ತರಸ್ತೀನಿ. ಪಟಾಕಿನೂ ಮಿಕ್ಕವೆ. ನಾಲ್ಕು ಡಂ ಅನ್ಸಿದ್ರೆ ಕನಕಪುರಕ್ಕೇ ಓಡೋಗ್ತದೆ."

ಆಗ ನನಗೆ ನಿಜವಾಗಿ ಬೆವರು ಬಂತು. ತಮಟೆ ಬಡಿದರೆ ಓಡಲು ಒಳಗೆ ಚಿರತೆ ಎಲ್ಲಿದೆ? ಇರುವುದು ಒಂದು ನಿದ್ದೆ. ಅದು ಓಡಿಹೋದರೆ ಮತ್ತೆ ಬರುವುದು ಯಾವಾಗಲೋ! ಗೇಟಿಗೆ ಅಡ್ಡ ನಿಂತು ಪಿಸುಗುಟ್ಟಿದೆ: "ಯಜಮಾನ್ರೇ, ದಮ್ಮಯ್ಯ ಅಂತೀನಿ, ಸದ್ದು ಮಾಡ್ಬೇಡಿ. ಗಾಬರಿಯಾದ್ರೆ ಮೈಮೇಲೆ ಬೀಳುತ್ತೆ. ನನ್ನ ಭಾವಮೈದ ಒಳಗೇ ಇದಾರೆ."

ಬಿ.ಟಿ.ಎಂ. ಅಕ್ಕ ಅಳಲು ಶುರು ಮಾಡಿದರು. "ಅಕ್ಕ, ಅಳೋದನ್ನೂ ಮೆತ್ತಗೆ ಅಳಿ" ಅಂದೆ.

ಎಲ್ಲರೂ ಗೊಂಬೆಗಳ ಹಾಗೆ ನಿಂತೆವು. ನೆರಳು ಕಾಲಬುಡಕ್ಕೆ ಬಂದು ಆ ಕಡೆ ಸರಿಯಿತು. ಒಳಗೆ ಊಟಕ್ಕಿಟ್ಟಿದ್ದ ಮುದ್ದೆ ಆರಿತು, ಸೊಪ್ಪಿನ ಸಾರು ಆರಿತು. ಒಂದು ಸಲ ಕರ್‌ರ್ ಅನ್ನುವುದು ಫಕ್ಕನೆ ನಿಂತುಹೋಯಿತು. ಯಜಮಾನರು ಟವೆಲ್ಲು ಬಾಯಿಗಿಟ್ಟುಕೊಂಡರು, ಅಕ್ಕ ದೇವರ ಹೆಸರು ಹೇಳಿದರು. ಮತ್ತೆ ಜೋರಾಗಿ ಕರ್‌ರ್ರ್ ಕೇಳಿಸಿತು.

"ಸದ್ಯ!" ಅಂದೆ ನಾನು. ಎಲ್ಲರೂ ನನ್ನನ್ನೇ ದುರುಗುಟ್ಟಿಕೊಂಡು ನೋಡಿದರು. ಹೆಣ್ಣು ಕೊಟ್ಟ ಮನೆಯವರಲ್ಲಿ ಎಂತೆಂಥವರಿರುತ್ತಾರೆ ಅನ್ನುವ ನೋಟ ಅದು.

ಮೇಡಂ ನನ್ನ ಕಿವಿಯ ಹತ್ತಿರ ಬಂದು, "ಸಾರ್, ಇಷ್ಟು ವರ್ಷ ಶಿಬಿರ ನಡೆಸ್ತಿದೀನಿ. ಇಂಥಾ ಮೌನ ಇವತ್ತೇ ನೋಡಿದ್ದು" ಅಂದರು.

ಹೊತ್ತು ಇಳಿಯುತ್ತಿದ್ದಾಗ ಪೊದೆ ಅಲುಗಾಡಿತು. ನಾಲ್ಕು ಜನ ಕಾರಿನ ಮೇಲೆ ಹತ್ತಿದರು. ಪೊದೆಯಿಂದ ಹೊರಬಂದವರು ಭಾವಮೈದ. ಕೆನ್ನೆ ಮೇಲೆ ಮಾವಿನ ಎಲೆಯ ಅಚ್ಚು, ಮುಖ ತೊಳೆದಿಟ್ಟ ಹಿತ್ತಾಳೆ ಚೊಂಬಿನ ಹಾಗೆ ಫಳಫಳ. ಆಕಳಿಸುತ್ತಾ ಗೇಟಿಗೆ ಬಂದು, "ಎಲ್ಲರದ್ದೂ ಊಟ ಆಯ್ತಾ?" ಅಂತ ಕೇಳಿದರು.

ಯಜಮಾನರು ತೊದಲಿದರು. "ಸ್ವಾಮೀ, ಚಿರತೆ... ನಿಮ್ಮ ಪಕ್ಕದಾಗೇ ಇತ್ತಲ್ಲ?"

"ಇತ್ತಾ? ನಂಗೆ ಗೊತ್ತಾಗ್ಲಿಲ್ಲ, ಮಲಗಿದ್ದೆ."

ಮೇಡಂ ಕೈ ಮುಗಿದರು. ಅಕ್ಕ ಕಾಲಿಗೇ ಬಿದ್ದರು. ನಾನು ಭಾವಮೈದನನ್ನು ಬೇಗ ಬೇಗ ಕಾರಿಗೆ ಹತ್ತಿಸಿದೆ.

ದಾರಿಯಲ್ಲಿ ಭಾವಮೈದ ಸಣ್ಣಗೆ ಹಾಡಿಕೊಳ್ಳುತ್ತಿದ್ದರು. ಪ್ರಕೃತಿ ಕೊನೆಗೂ ಗೆದ್ದಿತು ಅಂತ ನನಗೂ ಸಮಾಧಾನ. ಜರಗನಹಳ್ಳಿ ಹತ್ತಿರ ಟ್ರಾಫಿಕ್ಕಿನಲ್ಲಿ ನಿಂತಾಗ ಅವರು ಕೇಳಿದರು: "ಭಾವ, ಆ ಚಿರತೆ ಹೇಗೆ ಕೂಗ್ತಿತ್ತು?"

ನಾನು ಗಂಭೀರವಾಗಿ ಕರ್‌ರ್ರ್, ಕರ್‌ರ್ರ್ ಅಂತ ಮಾಡಿ ತೋರಿಸಿದೆ.

ಅವರು ಅತ್ತಿತ್ತ ನೋಡಿ, ದನಿ ತಗ್ಗಿಸಿದರು. "ಭಾವ, ನೀವು ತಪ್ಪು ತಿಳ್ಕೋಬಾರ್ದು. ಇದೇ ಶಬ್ದ ನಮ್ಮನೇಲಿ ದಿನಾ ರಾತ್ರಿ ಕೇಳುತ್ತೆ, ನನ್ನ ದಿಂಬಿನ ಪಕ್ಕದಲ್ಲೇ. ಹೋದ ವರ್ಷದ ತನಕ ಬ್ಯಾಂಕಿನ ಟೂರ್ ಇತ್ತು, ಊರೂರು ಲಾಡ್ಜಲ್ಲಿ ಮಲಗಿ ಹೇಗೋ ತೂಗಿಸ್ತಿದ್ದೆ. ಈಗ ದಿನಾ ಮನೇಲೇ. ಹೇಳೋಣ ಅಂದ್ರೆ, ಪಾಪ, ನನ್ನ ನಿದ್ದೆ ಬಗ್ಗೆ ಚಿಂತೆ ಮಾಡೀ ಮಾಡೀ ಸುಸ್ತಾಗಿ ಮಲಗಿರ್ತಾಳೆ. ಹೇಗೆ ಬಾಯಿ ಬರುತ್ತೆ? ನೀವಾದ್ರೂ ಒಂದ್ಮಾತು ಹೇಳಿ ಭಾವ."

ಹಿಂದಿನ ಬಸ್ಸಿನವನು ಹಾರನ್ ಹೊಡೆಯುತ್ತಲೇ ಇದ್ದ. ನಾನು ಕಾರನ್ನು ಮುಂದಕ್ಕೆ ಬಿಟ್ಟೆ. ಅಪ್ಪ ಇರಲಿಲ್ಲವಾದ್ದರಿಂದ, ತುಂಬಿದ ಛತ್ರದಲ್ಲಿ ಪಂಚೆ ಉಟ್ಟುಕೊಂಡು ನಿಂತು ಆ ಚಿರತೆಯನ್ನು ಅವರಿಗೆ ಧಾರೆ ಎರೆದು ಕೊಟ್ಟವನು ನಾನೇ.